ಒಂದನೇ ನಂಬರಿನ ಕೈ

ವಾರ್ಡಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಕೂಡಲೇ ಸಬ್ ಇನ್ಸ್‌ಪೆಕ್ಟರ್ ದೌಲತರಾಯನ ತಲೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು.

ಒಳಗೆ ಏಳು ಮಂಚಗಳಿದ್ದವು. ಏಳರಿಂದಲೂ ಹೆಣ್ಣುಮಕ್ಕಳು ತಿರುಗಿ ನೋಡಿದರು. ಖಾಕಿ ಬಟ್ಟೆಯಾಗಲಿ, ಕಂಕುಳಲ್ಲಿದ್ದ ಲಾಠಿಯಾಗಲಿ ಅವರನ್ನು ಹೆದರಿಸಿದಂತೆ ಕಾಣಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ದಿನ ತುಂಬಿದ ಹೊಟ್ಟೆ ಹೊತ್ತು ಕೂತಿದ್ದವಳು ಗುರಮ್ಮ. ಎಲ್ಲರ ಪರವಾಗಿ ಅವಳೇ ಮಾತಾಡಿದಳು.

"ಸಾಹೇಬ್ರ, ಕೆಂಪು ದೀಪ ಹತ್ಯಾದ ನೋಡ್ರಿ. ಹೊರಗ ಹೋಗಿ ಕೈ ತೊಳ್ಕೊಂಡು ಬರ್ರಿ."

ತಾನು ಯಾರನ್ನೂ ಮುಟ್ಟಲು ಬಂದವನಲ್ಲ, ಎರಡು ಮಾತು ಕೇಳಿ ಹೋಗುವವನು ಎಂದು ದೌಲತರಾಯ ಹೇಳಿ ನೋಡಿದ. ಗುರಮ್ಮ ಒಪ್ಪಲಿಲ್ಲ. ದೊಡ್ಡ ಡಾಕ್ಟರರನ್ನೇ ಒಮ್ಮೆ ಹೀಗೆ ಹಿಂದಕ್ಕೆ ಕಳಿಸಿದ್ದೇವೆ, ಅವರು ಮರುಮಾತಾಡದೆ ಹೋಗಿ ತೊಳೆದುಕೊಂಡು ಬಂದರು ಎಂದಳು. ಹನ್ನೆರಡು ವರ್ಷದ ನೌಕರಿಯಲ್ಲಿ ದೌಲತರಾಯನನ್ನು ಬಾಗಿಲಿನಿಂದ ವಾಪಸು ಕಳಿಸಿದವರು ಯಾರೂ ಇರಲಿಲ್ಲ. ಅವನು ಹೊರಗೆ ಬಂದ.

ಜೇವರ್ಗಿಯ ದಾಕ್ಷಾಯಿಣಿ ಹೆರಿಗೆ ಆಸ್ಪತ್ರೆಯಲ್ಲಿ ಒಂದೇ ವಾರದಲ್ಲಿ ಇಬ್ಬರು ಬಾಣಂತಿಯರು ನಂಜೇರಿ ತೀರಿಕೊಂಡಿದ್ದರು. ಕೈ ತೊಳೆಯದೆ ಅವರ ಆರೈಕೆ ಮಾಡಿದಳು ಎಂಬ ಆರೋಪ ಆಯಾ ಹಜರಾಬಿಯ ಮೇಲಿತ್ತು. ಅಂದು ಸಂಜೆಯೊಳಗೆ ಅವಳನ್ನು ಬಂಧಿಸಬೇಕು, ಇಲ್ಲವೇ ಯಾಕೆ ಬಂಧಿಸುವುದಿಲ್ಲ ಎಂದು ದೌಲತರಾಯ ಹೇಳಬೇಕು.

ಬಾಗಿಲ ಪಕ್ಕದ ಗೋಡೆಗೆ ಕೈ ತೊಳೆಯುವ ಬೋಗುಣಿ, ಅದರ ಮೇಲೊಂದು ನಲ್ಲಿ, ಕೆಳಗೆ ಹೊಲಿಗೆ ಯಂತ್ರದಿಂದ ಬಿಚ್ಚಿ ತಂದ ಕಬ್ಬಿಣದ ಪೆಡಲು. ನಲ್ಲಿಯ ಮಗ್ಗುಲಿಗೆ ಹಿತ್ತಾಳೆಯ ಒಂಬತ್ತು ಕಿಂಡಿಗಳು. ಆಸ್ಪತ್ರೆಯ ಎಂಟು ಮಂದಿಗೂ ಒಂದೊಂದು ನಂಬರು, ಒಂದೊಂದು ಕೀಲಿಕೈ. ಒಂದನೆಯದು ಡಾಕ್ಟರರದ್ದು, ಎರಡನೆಯದು ದೊಡ್ಡ ನರ್ಸ್ ಕಸ್ತೂರಿಬಾಯಿಯದ್ದು, ನಾಲ್ಕನೆಯದು ಹಜರಾಬಿಯದ್ದು. ಒಂಬತ್ತನೆಯ ಕೀಲಿಕೈ ಹೊರಗಿನವರಿಗೆಂದು ಸರಪಳಿಯಲ್ಲಿ ತೂಗಾಡುತ್ತಿತ್ತು.

ದೌಲತರಾಯ ಅದನ್ನು ಕಿಂಡಿಗೆ ತೂರಿಸಿ ಪೆಡಲು ತುಳಿದ. ನೀರು ಬಂತು. ಗೋಡೆಯೊಳಗೆ ಹಳೆಯ ಅಲಾರಾಂ ಗಡಿಯಾರದ ಚಕ್ರ ತಿರುಗುವ ಸದ್ದು. ಸಾಬೂನು ಹಚ್ಚಿ ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲ ಉಜ್ಜಿದ. ಇನ್ನೂ ಗಂಟೆ ಬಾರಿಸಲಿಲ್ಲ. ಮತ್ತೆ ಉಜ್ಜಿದ. ಅರ್ಧ ನಿಮಿಷ ಇಷ್ಟು ಉದ್ದವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಟಿಣ್ ಎಂದು ಸಣ್ಣ ಗಂಟೆ ಬಡಿಯಿತು. ಆ ಗಂಟೆ ಬಡಿದರೆ ಮಾತ್ರ ಗೋಡೆಯ ಆಚೆಗಿನ ಮೀಟರಿನಲ್ಲಿ ಆ ನಂಬರಿಗೆ ಒಂದು ಅಂಕಿ ಏರುತ್ತದೆ. ಆಮೇಲೆ ಒಂದು ನಿಮಿಷದೊಳಗೆ ಬಾಗಿಲು ತೆಗೆದರೆ ದೀಪ ಹತ್ತುವುದಿಲ್ಲ. ತೊಳೆಯದೆ ತೆಗೆದವನನ್ನು ಮಾತ್ರ ದೀಪ ಇಡೀ ವಾರ್ಡಿಗೆ ತೋರಿಸಿಕೊಡುತ್ತದೆ. ಕರೆಂಟು ಹೋದರೂ ನಿಲ್ಲಬಾರದೆಂದು ಎಲ್ಲವನ್ನೂ ಟ್ರ್ಯಾಕ್ಟರಿನ ಬ್ಯಾಟರಿಗೆ ಜೋಡಿಸಿದ್ದರು.

ಈ ಸಲ ದೀಪ ಹತ್ತಲಿಲ್ಲ. ಗುರಮ್ಮ ಮಾತಿಗೆ ಸಿದ್ಧಳಾಗಿದ್ದಳು.

ಅವಳು ಅಂದೋಲಾದ ಕಡೆಯವಳು. ಎರಡು ಕೂಸು ಕಳಕೊಂಡವಳೆಂದು ಕಸ್ತೂರಿಬಾಯಿ ಅವಳನ್ನು ಜನವರಿಯ ಕೊನೆಯಲ್ಲೇ ಕರೆಸಿ ಮಲಗಿಸಿದ್ದಳು. ಹಾಗಾಗಿ ಇಬ್ಬರ ಆಪರೇಷನ್ನನ್ನೂ ಇಬ್ಬರ ಸಾವನ್ನೂ ಅವಳು ಕಂಡಿದ್ದಳು. ಮೊದಲು ಹೋದವಳು ಶಿವಕಾಂತಾ, ಇವಳ ಊರಿನ ಪಕ್ಕದವಳೇ. ಎರಡನೆಯವಳು ಗಾಣಗಾಪುರದ ಹತ್ತಿರದ ಬದರುನ್ನಿಸಾ. ಇಬ್ಬರ ಕೂಸುಗಳೂ ಬದುಕಿದ್ದವು. ಅದನ್ನು ಹೇಳುವಾಗ ಗುರಮ್ಮನ ದನಿ ತಗ್ಗಿತು.

ಡಾಕ್ಟರರು ಒಳಗೆ ಬಂದಾಗ ದೀಪ ಹತ್ತಿತ್ತೇ ಎಂದು ದೌಲತರಾಯ ಕೇಳಿದ.

"ಡಾಕ್ಟರು ಈ ಬಾಗಿಲಿಂದ ಬರ್ಲೇ ಇಲ್ರಿ," ಎಂದಳು ಗುರಮ್ಮ. "ಎರಡೂ ದಿನ ಹಿಂದಿನ ಬಾಗಿಲಿಂದ ಸೀದಾ ಆಪರೇಷನ್ ಕೋಣಿಗೆ ಹೋದ್ರು. ಟೋಪಿ, ಮುಖಕ್ಕ ಬಟ್ಟಿ. ಆ ಕೋಣಿ ಬಾಗಿಲ ಗಾಜಿನಾಗ ಬೆನ್ನು ಅಷ್ಟ ಕಂಡದ ನನಗ."

ಹಿಂದಿನ ಬಾಗಿಲಿಗೆ ಯಂತ್ರವಿಲ್ಲ, ಅದರ ಬೀಗ ಯಾವಾಗಲೂ ಹಾಕಿರುತ್ತದೆ. ಹಜರಾಬಿಯನ್ನು ಆ ಎರಡು ದಿನ ಆಪರೇಷನ್ ಕೋಣೆಯೊಳಗೆ ಸೇರಿಸಲಿಲ್ಲ. ಬಾಣಂತಿಯನ್ನು ಮಂಚಕ್ಕೆ ತಂದು ಹಾಕಿದ ಮೇಲೆ ಮಾತ್ರ ಅವಳ ಕೈಗೆ ಒಪ್ಪಿಸಿದರು. ಹಜರಾಬಿ ಕೈ ತೊಳೆಯುತ್ತಿದ್ದಳೇ ಎಂಬ ಪ್ರಶ್ನೆಗೆ ಗುರಮ್ಮನ ಮಗ್ಗುಲಿನ ಮಂಚದವಳು ನಕ್ಕುಬಿಟ್ಟಳು. ಆ ಗಂಟೆಯ ಸದ್ದಿನಿಂದ ತಮಗೆ ನಿದ್ದೆ ಹತ್ತುತ್ತಿರಲಿಲ್ಲ ಎಂದಳು.

*

ಗೋಡೆಯ ಆಚೆಗಿನ ಕೋಣೆ ಕಸ್ತೂರಿಬಾಯಿಯದು. ಐವತ್ತು ದಾಟಿದ ಹೆಂಗಸು, ಇಪ್ಪತ್ತಾರು ವರ್ಷದಿಂದ ಇದೇ ಆಸ್ಪತ್ರೆಯಲ್ಲಿದ್ದವಳು. ಅವಳ ಮೇಜಿನ ಎದುರು ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ಪುಟ್ಟ ಕಪ್ಪು ಮೀಟರುಗಳು ಸಾಲಾಗಿ ಕೂತಿದ್ದವು.

ಈ ಯಂತ್ರದ ಹಿಂದಿನ ಕತೆಯನ್ನು ದೌಲತರಾಯ ಅವಳ ಬಾಯಿಂದಲೇ ಕೇಳಿದ್ದ. ಎರಡು ವರ್ಷದ ಹಿಂದೆ, ಎಂದರೆ ಎಂಬತ್ತೈದರಲ್ಲಿ, ಯಾವುದೋ ಕೆಲಸಕ್ಕೆ ಗುಲಬರ್ಗಾದ ಟೆಲಿಫೋನ್ ಕಚೇರಿಗೆ ಹೋದವಳು ಅಲ್ಲಿ ಗೋಡೆಯ ತುಂಬ ಟಕಟಕ ಎನ್ನುತ್ತಿದ್ದ ಮೀಟರುಗಳನ್ನು ಕಂಡಳು. ಯಾರು ಎಷ್ಟು ಕರೆ ಮಾಡಿದರೆಂದು ಅವು ಲೆಕ್ಕ ಇಡುತ್ತವೆ ಎಂದು ಅಲ್ಲಿನ ಮೆಕ್ಯಾನಿಕ್ ಶರಫುದ್ದೀನ ವಿವರಿಸಿದ. ಹಾಗಾದರೆ ಯಾರು ಎಷ್ಟು ಸಲ ಕೈ ತೊಳೆದರೆಂದು ಲೆಕ್ಕ ಇಡಬಲ್ಲವೇ ಎಂದು ಕಸ್ತೂರಿಬಾಯಿ ಕೇಳಿದಳು. ಕೈ ತೊಳೆಯಿರಿ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಹೇಳಿದಾಗ ತೊಳೆಯುತ್ತಿದ್ದರು, ಬೆನ್ನು ತಿರುಗಿಸಿದರೆ ಮರೆಯುತ್ತಿದ್ದರು. ವರ್ಷಕ್ಕೆ ಐದಾರು ಬಾಣಂತಿಯರು ಜ್ವರಕ್ಕೆ ಬೀಳುತ್ತಿದ್ದರು.

ಶರಫುದ್ದೀನ ಮೊದಲು ನಕ್ಕ. ಆಮೇಲೆ ನಿವೃತ್ತನಾಗಿ ಅಫಜಲಪುರದ ತನ್ನ ಮನೆ ಸೇರಿದವನು ಗುಜರಿಯಲ್ಲಿ ಹಳೆಯ ಮೀಟರು ಹುಡುಕಿಕೊಂಡು ಬಸ್ಸು ಹತ್ತಿ ಜೇವರ್ಗಿಗೆ ಬಂದ. ನಾಲ್ಕು ತಿಂಗಳು ಹಿಡಿಯಿತು. ಅವನು ಕೂಲಿ ಮಾತ್ರ ಬೇಡವೆಂದ. ಯಂತ್ರ ಶುರುವಾದ ದಿನದಿಂದ ಹದಿನೆಂಟು ತಿಂಗಳು ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಗೂ ಜ್ವರ ಬರಲಿಲ್ಲ. ಸುದ್ದಿ ಹಬ್ಬಿ, ನಮಗೂ ಒಂದು ಮಾಡಿಕೊಡಿ ಎಂದು ಆಳಂದದಿಂದ ಕರೆ ಬಂತು. ಫೆಬ್ರವರಿ ಮೂರರಂದು ಇಬ್ಬರೂ ಆಳಂದಕ್ಕೆ ಹೋದರು. ಹತ್ತು ದಿನ ಅಲ್ಲೇ ಉಳಿದು ಯಂತ್ರ ಕೂರಿಸಿ ವಾಪಸಾದಾಗ ಇಲ್ಲಿ ಇಬ್ಬರ ಮಣ್ಣಾಗಿತ್ತು.

ಇವತ್ತು ಕಸ್ತೂರಿಬಾಯಿಯ ಕಣ್ಣು ಊದಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಆಸ್ಪತ್ರೆಯ ಸೆಕ್ರೆಟರಿ ಖಂಡಪ್ಪನವರು ನಿಂತಿದ್ದರು. ಇಸ್ತ್ರಿ ಮಾಡಿದ ಧೋತರ, ಕರಿ ಟೋಪಿ, ಮೆಲುದನಿ. ಯಂತ್ರದ ಸಾಕ್ಷಿಯನ್ನು ಯಂತ್ರವನ್ನು ಮಾಡಿಸಿದವರೇ ಒಪ್ಪದಿದ್ದರೆ ಹೇಗೆ ಎಂಬುದು ಅವರ ವಾದ. ಕಸ್ತೂರಿಬಾಯಿ ಹೊರಡುವ ಮುನ್ನ ಬರೆದಿಟ್ಟ ಲೆಕ್ಕದಂತೆ ನಾಲ್ಕನೇ ಮೀಟರು ಫೆಬ್ರವರಿ ಮೂರರಂದು ಒಂಬತ್ತು ಸಾವಿರದ ನಾನೂರ ಹದಿನಾರು ತೋರಿಸುತ್ತಿತ್ತು, ಇವತ್ತೂ ಅಷ್ಟೇ. ಅಂದರೆ ಹಜರಾಬಿ ಇಷ್ಟು ದಿನದಲ್ಲಿ ಒಮ್ಮೆಯೂ ಕೈ ತೊಳೆದಿಲ್ಲ. ಅದೇ ಡಾಕ್ಟರರ ಮೀಟರು ಆರುನೂರ ಹನ್ನೊಂದರಿಂದ ಎಂಟುನೂರ ನಾಲ್ಕಕ್ಕೆ ಏರಿದೆ. ಸಂಜೆ ಐದಕ್ಕೆ ಆಡಳಿತ ಮಂಡಳಿ ಸೇರುತ್ತದೆ. ಹಜರಾಬಿಯ ಮೇಲೆ ಕೇಸು, ಇಷ್ಟು ಮಾಡಿಯೂ ಜೀವ ಉಳಿಸದ ಈ ಯಂತ್ರಕ್ಕೆ ಗುಜರಿಯೇ ಗತಿ. ಇಷ್ಟನ್ನೂ ಅವರು ಮೆತ್ತಗೆ ಹೇಳಿ ಮುಗಿಸಿದರು.

ಡಾಕ್ಟರರು ಆ ಅವಧಿಯಲ್ಲಿ ಎಷ್ಟು ಸಲ ಬಂದಿದ್ದರು ಎಂದು ದೌಲತರಾಯ ಕೇಳಿದ.

ನಾಲ್ಕನೇ ತಾರೀಖು ಒಮ್ಮೆ, ಆರನೇ ತಾರೀಖು ಒಮ್ಮೆ, ಆಪರೇಷನ್ನಿಗೆ ಎಂದು ಖಂಡಪ್ಪ ತಡವರಿಸದೆ ಉತ್ತರಿಸಿದರು. ಉಳಿದ ದಿನ ಡಾಕ್ಟರರನ್ನು ಕರೆಸುವ ಪ್ರಸಂಗವೇ ಬಂದಿಲ್ಲ.

ದೌಲತರಾಯ ಎರಡೂ ತಾರೀಖು ಬರೆದುಕೊಂಡ. ಮಧ್ಯಾಹ್ನ ಸಭೆಯ ತಯಾರಿಗೆ ಆಸ್ಪತ್ರೆ ನಡೆಸುವ ಟ್ರಸ್ಟಿನ ಕಚೇರಿಗೆ ಬರಬೇಕೆಂದು ಕಸ್ತೂರಿಬಾಯಿಗೆ ಹೇಳಿ ಖಂಡಪ್ಪನವರು ಹೊರಟರು.

ಅವರ ಚಪ್ಪಲಿಯ ಸದ್ದು ದೂರವಾಗುವವರೆಗೂ ದೌಲತರಾಯ ಒಂದನೇ ಮೀಟರನ್ನೇ ನೋಡುತ್ತಿದ್ದ. ಆರುನೂರ ಹನ್ನೊಂದರಿಂದ ಎಂಟುನೂರ ನಾಲ್ಕು. ನೂರಾ ತೊಂಬತ್ತಮೂರು ಸಲ. ಹದಿನೆಂಟು ತಿಂಗಳಲ್ಲಿ ಆರುನೂರು ಸಲ ಕೈ ತೊಳೆದ ಡಾಕ್ಟರು ಎರಡೇ ಆಪರೇಷನ್ನಿಗೆ ನೂರಾ ತೊಂಬತ್ತಮೂರು ಸಲ ತೊಳೆದರೇ?

"ಯಂತ್ರ ಸುಳ್ಳು ಹೇಳೂದಿಲ್ರಿ," ಎಂದಳು ಕಸ್ತೂರಿಬಾಯಿ. "ಹಜರಾಬಿನೂ ಸುಳ್ಳು ಹೇಳಾಕಿ ಅಲ್ಲ. ಯಾರನ್ನ ನಂಬಲಿ, ಯಾರನ್ನ ಬಿಡಲಿ? ಎರಡು ದಿನ ಆತು, ಅನ್ನ ಇಳಿವಲ್ದು."

*

ಹಜರಾಬಿ ಹಿತ್ತಲಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ವಾರ್ಡಿಗೆ ಕಾಲಿಡಬಾರದೆಂದು ಖಂಡಪ್ಪ ಹೇಳಿದ್ದರು, ಆದರೂ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರರವರೆಗೆ ಅಲ್ಲೇ ಕೂರುತ್ತಿದ್ದಳು. ಇದು ತನ್ನ ಪಾಳಿಯ ಹೊತ್ತು ಎಂದಳು.

ದೌಲತರಾಯ ಅವಳ ಕೈ ತೋರಿಸಲು ಹೇಳಿದ. ಅವಳು ನಾಚಿ ಸೆರಗಿನೊಳಗಿಂದ ಹೊರಗೆ ಚಾಚಿದಳು. ಅಂಗೈ ಬಿಳಿಚಿಕೊಂಡಿತ್ತು. ಬೆರಳ ಸಂದಿಯ ಚರ್ಮ ಬಿರಿದು, ಗೆಣ್ಣುಗಳ ಮೇಲೆ ಸಣ್ಣ ಸೀಳುಗಳಿದ್ದವು. ದಿನಕ್ಕೆ ಇಪ್ಪತ್ತು ಸಲ ಸಾಬೂನು ಕಂಡ ಕೈ ಅದು. ಹತ್ತು ದಿನ ನೀರು ಕಾಣದ ಕೈ ಹೀಗಿರಲು ಸಾಧ್ಯವಿರಲಿಲ್ಲ.

"ನಾ ಓದಿದಾಕಿ ಅಲ್ಲ ಸಾಬ್," ಎಂದಳು ಹಜರಾಬಿ. "ಗಂಟಿ ಹೊಡೀಲಿಲ್ಲಂದ್ರ ಒಳಗ ಹೋಗಬ್ಯಾಡ ಅಂತ ಸಿಸ್ಟರ್ ಹೇಳ್ಯಾರ. ನನ್ನ ಸ್ವಂತ ಅಕ್ಕ ಇದೇ ಜ್ವರದಾಗ ಹೋದಾಕಿ. ನಾ ಒಮ್ಮಿನೂ ಹಂಗ ಹೋಗಿಲ್ಲ."

ದೌಲತರಾಯನಿಗೆ ಅಷ್ಟು ಸಾಕಾಯಿತು. ಬಾ, ಈಗ ಒಮ್ಮೆ ತೊಳೆ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು ಎಂದು ಕರೆದುಕೊಂಡು ಬಂದ. ಆಳಂದದಿಂದ ಬಂದ ಮೇಲೆ ಊರಿಗೆ ಹೋಗದೆ ಆಸ್ಪತ್ರೆಯಲ್ಲೇ ಉಳಿದಿದ್ದ ಶರಫುದ್ದೀನನೊಂದಿಗೆ ಅವಳನ್ನು ಬೋಗುಣಿಯ ಹತ್ತಿರ ನಿಲ್ಲಿಸಿ, ತಾನು ಕಸ್ತೂರಿಬಾಯಿಯ ಕೋಣೆಗೆ ಬಂದು ಪೆಟ್ಟಿಗೆಯ ಎದುರು ನಿಂತ. ತೊಳೆಯುವವರಿಗೆ ಮೀಟರು ಕಾಣುವುದಿಲ್ಲ, ಮೀಟರು ನೋಡುವವರಿಗೆ ತೊಳೆಯುವವರು ಕಾಣುವುದಿಲ್ಲ. ಅದುವರೆಗೆ ಯಾರೂ ಎರಡೂ ಕಡೆ ಒಟ್ಟಿಗೆ ನಿಂತು ನೋಡಿರಲಿಲ್ಲ.

ಗೋಡೆಯಾಚೆ ಪೆಡಲಿನ ಸದ್ದು. ನೀರಿನ ಸದ್ದು. ಅರ್ಧ ನಿಮಿಷ ದೌಲತರಾಯನೂ ಕಸ್ತೂರಿಬಾಯಿಯೂ ನಾಲ್ಕನೇ ಮೀಟರಿನಿಂದ ಕಣ್ಣು ತೆಗೆಯಲಿಲ್ಲ.

ಟಿಣ್.

ನಾಲ್ಕನೇ ಮೀಟರು ಅಲುಗಲಿಲ್ಲ. ಆದರೆ ಪೆಟ್ಟಿಗೆಯೊಳಗೆ ಎಲ್ಲೋ ಟಕ್ ಎಂದಿತ್ತು. ದೌಲತರಾಯನ ಕಣ್ಣು ಸಾಲಿನ ಆರಂಭಕ್ಕೆ ಸರಿಯಿತು. ಡಾಕ್ಟರರ ಮೀಟರು ಎಂಟುನೂರ ಐದು ತೋರಿಸುತ್ತಿತ್ತು.

ಕಸ್ತೂರಿಬಾಯಿ ಮೇಜಿನ ಅಂಚು ಹಿಡಿದುಕೊಂಡಳು. ಹೊರಗೆ ಹೋಗಿ, ಇನ್ನೂ ಒದ್ದೆಯಿದ್ದ ಹಜರಾಬಿಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ನಿಂತಳು. ಏನಾಯಿತೆಂದು ಹಜರಾಬಿಗೆ ತಿಳಿಯಲಿಲ್ಲ. ಆದರೂ ಅವಳ ಕಣ್ಣು ತುಂಬಿತು.

ಶರಫುದ್ದೀನ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿದ. ಅರವತ್ತರ ಮುದುಕ, ಬೆರಳು ಮಾತ್ರ ಹೂ ಕಟ್ಟುವವರ ಬೆರಳಿನಂತೆ ಹಗುರ. ಒಳಗಿನ ತಂತಿಗಳು ಬಣ್ಣಬಣ್ಣದ ಜಡೆಯ ಹಾಗೆ ಒಪ್ಪವಾಗಿ ಕಟ್ಟಿಕೊಂಡಿದ್ದವು. ಒಂದೊಂದು ಬೆಸುಗೆಯೂ ಜೋಳದ ಕಾಳಿನಷ್ಟೇ ಇದ್ದು ಹೊಳೆಯುತ್ತಿತ್ತು. ಗುಜರಿಯಿಂದ ಬಂದ ಸಾಮಾನಿನಲ್ಲಿ ಇಷ್ಟು ಚೆಂದದ ಕೆಲಸವನ್ನು ದೌಲತರಾಯ ನಿರೀಕ್ಷಿಸಿರಲಿಲ್ಲ. ಅದರ ನಡುವೆ ಎರಡು ಗಂಟು ಮಾತ್ರ ಎದ್ದು ಕಾಣುತ್ತಿದ್ದವು. ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ತೆಗೆದಂತಿತ್ತು, ಮೇಲೆ ಕರಿ ಟೇಪು ಸುತ್ತಿದ್ದರು.

"ಇದು ನನ್ನ ಕೈ ಅಲ್ಲ ಸಾಬ್," ಎಂದ ಶರಫುದ್ದೀನ. "ಒಂದರ ತಂತಿ ನಾಲ್ಕಕ್ಕ ಹಾಕ್ಯಾರ, ನಾಲ್ಕರದ್ದು ಒಂದಕ್ಕ. ನಾವು ಆಳಂದಕ್ಕ ಹೋಗೂತನ ಇದು ಹಿಂಗ ಇದ್ದಿಲ್ಲ."

ಅವನು ತಂತಿ ಸರಿಮಾಡಲು ಇಕ್ಕಳ ಎತ್ತಿಕೊಂಡ. ದೌಲತರಾಯ ತಡೆದ. ಇದ್ದದ್ದು ಇದ್ದಂತೆ ಇರಬೇಕು. ಹೊರಗಿದ್ದ ಹವಾಲ್ದಾರ ಹುಲೆಪ್ಪನನ್ನು ಕರೆದು ಪೆಟ್ಟಿಗೆಯ ಎದುರು ಕುರ್ಚಿ ಹಾಕಿ ಕೂರಿಸಿದ.

ಹಜರಾಬಿ ನಿರಪರಾಧಿ ಎಂಬುದು ತಿಳಿಯಿತು. ಆದರೆ ದೌಲತರಾಯನ ಮನಸ್ಸು ಮುಂದಕ್ಕೆ ಓಡುತ್ತಿತ್ತು. ಅವನು ಅದನ್ನು ಶರಫುದ್ದೀನನ ಎದುರು ಬಿಡಿಸಿ ಬಿಡಿಸಿ ಹೇಳಿದ. ಹಜರಾಬಿ ತೊಳೆದದ್ದೆಲ್ಲ ಡಾಕ್ಟರರ ಲೆಕ್ಕಕ್ಕೆ ಹೋಗಿದೆ. ಸರಿ. ಹಾಗಾದರೆ ಡಾಕ್ಟರರು ತೊಳೆದದ್ದು ಹಜರಾಬಿಯ ಲೆಕ್ಕಕ್ಕೆ ಬರಬೇಕಿತ್ತು. ನಾಲ್ಕನೇ ಮೀಟರು ಒಂದು ಅಂಕಿಯೂ ಏರಿಲ್ಲ. ಅಂದರೆ ಡಾಕ್ಟರರ ಕೀಲಿಕೈ ಹತ್ತು ದಿನದಿಂದ ಈ ಗೋಡೆಯನ್ನು ಮುಟ್ಟಿಯೇ ಇಲ್ಲ.

ಶರಫುದ್ದೀನ ಅವನ ಮುಖವನ್ನೇ ನೋಡಿದ. ನಿಧಾನಕ್ಕೆ ಮುದುಕನ ಮುಖ ಅರಳಿತು. ತನ್ನ ಯಂತ್ರದ ಬಾಯಿ ಮುಚ್ಚಿಸಲು ಹೋದವರು ಅದರ ಇನ್ನೊಂದು ಬಾಯಿ ತೆರೆದಿದ್ದರು.

ಕಸ್ತೂರಿಬಾಯಿ ಆಪರೇಷನ್ನಿನ ರಿಜಿಸ್ಟರು ತಂದು ಬಿಡಿಸಿದಳು. ನಾಲ್ಕನೇ ತಾರೀಖು, ಆರನೇ ತಾರೀಖು. ಎರಡರ ಮುಂದೆಯೂ ಡಾಕ್ಟರ್ ಬಸವಂತರಾಯರ ಸಹಿ. ಆದರೆ ಹಿಂದಿನ ಪುಟಗಳಲ್ಲಿ ಬಾಣದಂತೆ ಮೇಲಕ್ಕೆ ಹಾರುತ್ತಿದ್ದ ಸಹಿ ಇಲ್ಲಿ ಎಡಕ್ಕೆ ವಾಲಿ, ಅಕ್ಷರ ಕಲಿಯುವವರು ಗೀಚಿದಂತೆ ನಡುಗುತ್ತಿತ್ತು.

ತಾನು ಡಾಕ್ಟರರ ಮನೆಯ ಕಡೆ ಹೋಗುತ್ತೇನೆ, ಏನಾದರೂ ಆದರೆ ಅಲ್ಲಿಗೇ ಬಾ ಎಂದು ಹುಲೆಪ್ಪನಿಗೆ ಹೇಳಿ ದೌಲತರಾಯ ಹೊರಬಿದ್ದ. ಕಸ್ತೂರಿಬಾಯಿ ಟ್ರಸ್ಟಿನ ಕಚೇರಿಗೆ ಹೊರಡುವ ಹೊತ್ತಾಗಿತ್ತು.

*

ಡಾಕ್ಟರ್ ಬಸವಂತರಾಯರ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಮೂವತ್ತು ವರ್ಷದಿಂದ ಈ ತಾಲ್ಲೂಕಿನ ಹೆಣ್ಣುಮಕ್ಕಳು ಕಷ್ಟಕ್ಕೆ ನಂಬಿದ ಕೈ ಅವರದು. ದೌಲತರಾಯನ ಮಗಳು ಹುಟ್ಟಿದ್ದೂ ಅದೇ ಕೈಯಲ್ಲಿ. ಹಾಗಾಗಿ ಮೆಟ್ಟಿಲು ಹತ್ತುವ ಮೊದಲು ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಡಾಕ್ಟರರು ಪಡಸಾಲೆಯಲ್ಲಿ ಕೂತಿದ್ದರು. ಆ ಬಿಸಿಲಿನಲ್ಲೂ ಶಾಲು ಹೊದ್ದಿದ್ದರು. ಚಹ ತರಿಸಿದರು, ಮಗಳ ಶಾಲೆಯ ವಿಚಾರ ಕೇಳಿದರು. ಚಹದ ಬಟ್ಟಲು ಎತ್ತಿದ್ದು ಎಡಗೈಯಲ್ಲಿ.

ದೌಲತರಾಯ ಒಂದನೇ ನಂಬರಿನ ಕೀಲಿಕೈ ಕೇಳಿದ. ಅವರು ಎಡಗೈಯನ್ನೇ ಬಲ ಜೇಬಿಗೆ ತಿರುಚಿ ಹಾಕಿ, ಕಷ್ಟಪಟ್ಟು ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ಹಿತ್ತಾಳೆಯ ಕೀಲಿಕೈ ಕಿಲುಬು ಹಿಡಿಯತೊಡಗಿತ್ತು.

"ಡಾಕ್ಟರ್ ಸಾಹೇಬ್ರ, ಆ ಕೈ ಒಂದು ಸ್ವಲ್ಪ ತೋರಸ್ರಿ," ಎಂದ ದೌಲತರಾಯ.

ಡಾಕ್ಟರರು ಶಾಲಿನ ಅಂಚು ಸರಿಸಿದರು. ಆಮೇಲೆ ಶಾಲಿನೊಳಗಿಂದ ಬಲಗೈ ಹೊರಗೆ ತೆಗೆದರು. ತೋರುಬೆರಳಿಗೆ ದಪ್ಪ ಪಟ್ಟಿ ಕಟ್ಟಿತ್ತು. ಬಾವು ಮುಂಗೈಯವರೆಗೆ ಹರಡಿ ಈಗ ಇಳಿಯುತ್ತಿತ್ತು. ತಿಂಗಳ ಒಂದನೇ ತಾರೀಖು ಹೊಲದಲ್ಲಿ ಜಾಲಿಯ ಮುಳ್ಳು ಮುರಿದು ಒಳಗೇ ಉಳಿದದ್ದು, ಎರಡು ದಿನದಲ್ಲಿ ಕೀವು ತುಂಬಿದ್ದು, ಎಲ್ಲವನ್ನೂ ಅವರೇ ಹೇಳಿದರು.

"ಈ ಕೈಲೆ ಬಾಣಂತಿನ್ನ ಮುಟ್ಟಿದ್ರ ನಾನ ಕೊಂದಂಗ," ಎಂದರು. "ಎಷ್ಟು ತೊಳೆದ್ರೂ ಹೋಗೂದಲ್ಲ ಇದು. ಮೂರನೇ ತಾರೀಖಿಗೇ ಖಂಡಪ್ಪಗ ಚೀಟಿ ಬರದು ಕಳಿಸೇನಿ. ಕೈ ವಾಸಿ ಆಗೂತನ ನಾ ಬರೂದಿಲ್ಲ, ಕಷ್ಟದ ಹೆರಿಗಿ ಬಂದ್ರ ಗುಲಬರ್ಗಾಕ್ಕ ಕಳಸ್ರಿ ಅಂತ."

ದೌಲತರಾಯನ ಎದೆಯ ಭಾರ ಅರ್ಧ ಇಳಿಯಿತು. ಊರಿನ ಒಬ್ಬನೇ ಡಾಕ್ಟರು, ಮೂವತ್ತು ವರ್ಷದ ಹೆಸರು. ಒಂದು ಬೆರಳಿನ ಗಾಯಕ್ಕೆ ಹೆದರಿ ಕೆಲಸ ಬಿಟ್ಟು ಕೂತರೆ ಜನ ಏನೆಂದಾರು ಎಂದು ಯೋಚಿಸದೆ, ತನ್ನ ಕೈಯನ್ನು ತಾನೇ ದೂರವಿಟ್ಟಿದ್ದರು. ಕಸ್ತೂರಿಬಾಯಿಯ ಗಂಟೆ ಇವರಿಗೂ ಏನನ್ನೋ ಕಲಿಸಿತ್ತು.

ಉಳಿದರ್ಧ ಭಾರ ಇನ್ನೂ ಇತ್ತು. ರಿಜಿಸ್ಟರಿನ ಎರಡು ಸಹಿಗಳ ವಿಚಾರ ತೆಗೆದ.

ಡಾಕ್ಟರರು ತಲೆ ತಗ್ಗಿಸಿದರು. ಏಳನೇ ತಾರೀಖು ಖಂಡಪ್ಪ ರಿಜಿಸ್ಟರು ಹಿಡಿದು ಮನೆಗೇ ಬಂದರಂತೆ. ಗುಲಬರ್ಗಾಕ್ಕೆ ಕಳಿಸುವಷ್ಟು ಹೊತ್ತಿರಲಿಲ್ಲ, ಹೊರಗಿನ ಡಾಕ್ಟರೊಬ್ಬರು ಬಂದು ಎರಡೂ ಆಪರೇಷನ್ ಮಾಡಿ ಹೋದರು, ಸರಕಾರಿ ನೌಕರರಾದ್ದರಿಂದ ಅವರ ಹೆಸರು ಕಾಗದದಲ್ಲಿ ಬರುವಂತಿಲ್ಲ, ತಾಯಿ ಕೂಸು ಎಲ್ಲ ಸುಖವಾಗಿದ್ದಾರೆ ಎಂದರಂತೆ. ಎಡಗೈಯಲ್ಲಿ ಸಹಿ ಮಾಡಿಕೊಟ್ಟರು. ಎರಡು ದಿನಕ್ಕೆ ಶಿವಕಾಂತಾ ಹೋದಳು, ಮತ್ತೆರಡು ದಿನಕ್ಕೆ ಬದರುನ್ನಿಸಾ. ಬಂದ ಡಾಕ್ಟರು ಯಾರೆಂದು ಕೇಳಲು ಖಂಡಪ್ಪನ ಮನೆಗೆ ಎರಡು ಸಲ ಹೋದರು. ಈಗ ಬಾಯಿಬಿಟ್ಟರೆ ಸುಳ್ಳು ಸಹಿ ಮಾಡಿದವರೆಂದು ನೀವೇ ಸಿಕ್ಕಿಬೀಳುತ್ತೀರಿ ಎಂಬ ಜವಾಬು ಸಿಕ್ಕಿತು.

"ಮತ್ತ ಹಜರಾಬಿ?" ಎಂದ ದೌಲತರಾಯ.

ಡಾಕ್ಟರರು ಬಲಗೈಯನ್ನು ಮತ್ತೆ ಶಾಲಿನೊಳಗೆ ಸರಿಸಿಕೊಂಡರು.

"ನನ್ನ ಮಗಳನ್ನ ಎತ್ತಿದ ಕೈ ಇದು. ದೊಡ್ಡ ಮಾತು ಆಡ್ಲಿಕ್ಕೆ ನನಗ ಅಂಜಿಕಿ ಬರ್ತದ್ರಿ," ದೌಲತರಾಯನ ದನಿ ಏರಲಿಲ್ಲ. "ಬಲಗೈಲೆ ಯಾರನ್ನೂ ಮುಟ್ಟಲಿಲ್ಲ ನೀವು. ಅಂಥಾ ಕೆಲಸ ಎಲ್ಲಾರ ಕೈಲೆ ಆಗೂದಿಲ್ಲ. ಎಡಗೈಲೆ ಸಹಿ ಮಾಡಿದ್ರಿ. ಅದರ ಜವಾಬು ಆ ಹೆಣ್ಣುಮಗಳು ಜೇಲಿನಾಗ ಕೂತು ಕೊಡಬೇಕೇನ್ರಿ?"

ಹಜರಾಬಿಯನ್ನು ಕೆಲಸಕ್ಕೆ ತೆಗೆದುಕೊಂಡವನು ನಾನೇ ಎಂದರು ಡಾಕ್ಟರರು. ಆ ಯಂತ್ರ ಬಂದ ಹೊಸತರಲ್ಲಿ ತಾವು ಸಿಟ್ಟಾಗಿದ್ದನ್ನೂ, ಒಂದು ದಿನ ವಾರ್ಡಿನ ಹೆಂಗಸರು ಹಿಂದಕ್ಕೆ ಕಳಿಸಿದಾಗ ಹಜರಾಬಿಯೇ ಸಾಬೂನು ಹಿಡಿದು ನಿಂತು, ನೀವು ತೊಳೆಯುವವರೆಗೆ ನಾನೂ ತೊಳೆಯುತ್ತೇನೆ ಎಂದು ಪಕ್ಕಕ್ಕೆ ಬಂದದ್ದನ್ನೂ ನೆನೆದರು. ಅಂದಿನಿಂದ ತಾವು ಒಮ್ಮೆಯೂ ತಪ್ಪಿಸಿರಲಿಲ್ಲವಂತೆ.

ಆಮೇಲೆ ಎಡಗೈ ಊರಿ ಎದ್ದು ನಿಂತರು.

"ಐದರ ಮಟ ಯಾಕ ಕಾಯೂದು? ಈಗ ನಡೀರಿ. ಎಲ್ಲಾರ ಮುಂದ ನಾನ ಹೇಳ್ತೇನಿ. ಚೀಟಿ ಬರಿಯೂ ಮುಂದ ಒಂದು ನಕಲು ಇಟ್ಕೊಂಡೇನಿ, ಅದನ್ನೂ ತರ್ತೇನಿ."

ಅವರು ಒಳಕೋಣೆಗೆ ಹೋದರು. ಕಪಾಟಿನ ಬಾಗಿಲು ತೆಗೆದ ಸದ್ದು ಕೇಳಿಸಿತು.

ದೌಲತರಾಯ ಮೇಜಿನ ಮೇಲಿನ ಕೀಲಿಕೈಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಮುಖ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಬಂದವನು ಯಾರು? ಅವನು ಡಾಕ್ಟರನೇ ಆಗಿದ್ದರೆ ಬೋಗುಣಿಯಲ್ಲಿ ಕೈ ತೊಳೆಯಲು ಯಾಕೆ ಹೆದರಿದ? ಖಂಡಪ್ಪನವರನ್ನು ಎದುರಿಗೆ ಕೂರಿಸಿ ಕೇಳಬೇಕಾದ ಪ್ರಶ್ನೆಗಳನ್ನು ಅವನು ಮನಸ್ಸಿನಲ್ಲೇ ಜೋಡಿಸತೊಡಗಿದ.

ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ಲು ನೆಲಕ್ಕೆ ಬಿದ್ದ ಸದ್ದಾಯಿತು. ಹುಲೆಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಪೆಟ್ಟಿಗೆಯ ಹತ್ತಿರ ಶರಫುದ್ದೀನನನ್ನು ಕೂರಿಸಿ ಬಂದೆ ಎಂದು ಮೊದಲು ಹೇಳಿದ. ಆಮೇಲೆ ಉಳಿದದ್ದನ್ನು ತುಂಡುತುಂಡಾಗಿ ಒಪ್ಪಿಸಿದ. ಕಸ್ತೂರಿಬಾಯಿ ಕಚೇರಿಗೆ ಹೋದ ಸ್ವಲ್ಪ ಹೊತ್ತಿಗೆ ಗುರಮ್ಮನಿಗೆ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿದೆ, ಆಪರೇಷನ್ನೇ ಆಗಬೇಕು ಎಂದು ಖಂಡಪ್ಪನವರು ಒಬ್ಬರೇ ಕಚೇರಿಯಿಂದ ಓಡಿ ಬಂದರು. ಸ್ಟ್ರೆಚರಿನಲ್ಲಿ ಗುರಮ್ಮನನ್ನು ಒಳಗೆ ಒಯ್ದದ್ದಾಯಿತು. ಆಪರೇಷನ್ ಕೋಣೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿದೆ. ಹಜರಾಬಿ ಬಾಗಿಲು ಬಡಿಯುತ್ತಿದ್ದಾಳೆ, ಯಾರೂ ತೆಗೆಯುತ್ತಿಲ್ಲ.

"ನಿಮಗ ಇಲ್ಲಿ ಕೂತು ಉಪಯೋಗ ಇಲ್ರಿ ಸಾಹೇಬ್ರ, ಅದಕ್ಕ ಓಡಿ ಬಂದೇನಿ," ಎಂದ ಹುಲೆಪ್ಪ. "ಡಾಕ್ಟರ್ ಬಸವಂತರಾಯರು ಮನ್ಯಾಗ ಇಲ್ರಿ. ಅರ್ಧ ತಾಸಿನ ಹಿಂದ ದವಾಖಾನಿಗಿ ಬಂದಾರ. ಟೋಪಿ ಹಾಕ್ಕೊಂಡು, ಮುಖಕ್ಕ ಬಟ್ಟಿ ಕಟ್ಕೊಂಡು ಹಿಂದಿನ ಬಾಗಿಲಿಂದ ಒಳಗ ಹೋಗಿದ್ದು ನಾನ ಕಿಟಕ್ಯಾಗಿಂದ ಕಣ್ಣಾರೆ ನೋಡೇನಿ."

ಅವನ ಮಾತು ಅಲ್ಲಿಗೇ ನಿಂತಿತು. ಬಾಯಿ ತೆರೆದದ್ದು ತೆರೆದಂತೆಯೇ ಉಳಿದು, ಅವನ ಕಣ್ಣು ದೌಲತರಾಯನ ಭುಜದಾಚೆಗೆ, ಒಳಕೋಣೆಯ ಹೊಸ್ತಿಲ ಮೇಲೆ ನೆಟ್ಟಿತು.

ಕೋಟಿನ ತೋಳಿಗೆ ಎಡಗೈ ತೂರಿಸಿಕೊಳ್ಳುತ್ತ ಡಾಕ್ಟರ್ ಬಸವಂತರಾಯರು ಅಲ್ಲಿ ನಿಂತಿದ್ದರು.

"ಯಾರು ಬಂದಾರಂದಿ, ಹುಲೆಪ್ಪ?"